ಕೋಳಿಗಳು ಎರಡು ಸಲ ಗೂಡು ಸೇರಿದ ದಿನ

…ಅಥವಾ ಲೀಲಾಳ ದೊಡ್ಡವ್ವ ಆ ಪ್ರಶ್ನೆ ಕೇಳಿದ್ದು ಚಹಾ ಕುಡಿದ ಮೇಲಿರಬಹುದು. ನನ್ನ ನೆನಪಿನಲ್ಲಿ ಅವರ ಕೈಯಲ್ಲಿ ಬಸಿ ಇದೆ, ಬಸಿಯಲ್ಲಿ ಚಹಾ ಇದೆ, ಚಹಾದ ಮೇಲೆ ತೆಳ್ಳಗೆ ಕೆನೆ ಕೂಡ ಕಟ್ಟಿದೆ. ಆದರೆ ಲೀಲಾ ಹೇಳುವ ಪ್ರಕಾರ ಆ ಭಾನುವಾರ ಅವರ ಮನೆಯಲ್ಲಿ ಹಾಲು ಒಡೆದು ಯಾರಿಗೂ ಚಹಾ ಸಿಕ್ಕಿರಲಿಲ್ಲ, ನಮಗೆಲ್ಲ ನಿಂಬೆ ಪಾನಕ ಕೊಟ್ಟಿದ್ದರು. ಹಾಗಾದರೆ ಈ ಕೆನೆ ಎಲ್ಲಿಂದ ಬಂತು? ಬೇರೆ ಯಾವುದೋ ಭಾನುವಾರದ ಕೆನೆಯನ್ನು ನಾನು ತಂದು ಇಲ್ಲಿ ಹಚ್ಚಿರಬೇಕು. ನನ್ನ ಬದುಕಿನ ಅತಿ ಮುಖ್ಯವಾದ ಅರ್ಧ ಗಂಟೆಯ ವಿಷಯದಲ್ಲೇ ನನ್ನ ನೆನಪು ಹೀಗೆ ನಡೆದುಕೊಂಡಿದೆ. ಆದ್ದರಿಂದ ಮುಂದೆ ಹೇಳುವುದನ್ನೆಲ್ಲ ಸ್ವಲ್ಪ ಕಡಿತ ಮಾಡಿಕೊಂಡು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಕಡಿತ ಮಾಡುವುದು ನನ್ನ ಉದ್ಯೋಗವೂ ಹೌದು. ನಾಚಾರಂನಲ್ಲಿ ನೀರಿನ ಪೈಪು ತಯಾರಿಸುವ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ನಾನು ಕೂರುತ್ತೇನೆ. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂದು ನೋಡುವುದೇ ನನ್ನ ಕೆಲಸ. ಹದಿನೈದು ನಿಮಿಷ ತಡವಾದರೆ ಕ್ಷಮೆ, ಹದಿನಾರನೆಯ ನಿಮಿಷಕ್ಕೆ ಅರ್ಧ ದಿನ ರಜೆ ಹಾಕುತ್ತಿದ್ದೆ. ಬಸ್ಸು ಕೆಟ್ಟಿತು, ಮಗುವಿಗೆ ಜ್ವರ, ಪಂಚಿಂಗ್ ಮಷೀನು ನನ್ನ ಬೆರಳು ಹಿಡಿಯಲಿಲ್ಲ ಎಂದು ಯಾರು ಏನು ಹೇಳಿದರೂ ನಾನು ಗಡಿಯಾರದ ಕಡೆಗೆ ಬೆರಳು ತೋರಿಸುತ್ತಿದ್ದೆ. ಇಂಥ ನನಗೆ ನಾನು ಹುಟ್ಟಿದ ಹೊತ್ತು ಗೊತ್ತಿರಲಿಲ್ಲ. ಶಾಲೆಯ ದಾಖಲೆಯಲ್ಲಿ ಜೂನ್ ಒಂದು ಎಂದಿದೆ. ರಾಯಚೂರು ಸೀಮೆಯ ನಮ್ಮ ಊರಿನಲ್ಲಿ ನನ್ನ ತರಗತಿಯ ಇಪ್ಪತ್ತೆಂಟು ಹುಡುಗರೂ ಜೂನ್ ಒಂದಕ್ಕೇ ಹುಟ್ಟಿದ್ದೆವು, ಮಾಸ್ತರರಿಗೆ ಅದು ಅನುಕೂಲವಾಗಿತ್ತು. ವರ್ಷವನ್ನು ಮಾತ್ರ ಅವರು ಸರಿಯಾಗಿ ಬರೆದಿದ್ದರು. ನಿಜವಾದ ದಿನ ಅವ್ವನ ಬಾಯಲ್ಲಿತ್ತು: "ಶಿವರಾತ್ರಿ ಅಮಾಸಿ, ಕೋಳಿ ಗೂಡು ಸೇರೋ ಹೊತ್ತು." ನಲವತ್ತು ವರ್ಷ ಇಷ್ಟೇ ಸಾಕಾಗಿತ್ತು. ಕೋಳಿ ಗೂಡು ಸೇರುವುದು ಸಂಜೆ, ಆದ್ದರಿಂದ ನಾನು ಹುಟ್ಟಿದ್ದು ಸಂಜೆ. ಅದರಾಚೆ ಯಾರಿಗೆ ಏನು ಬೇಕಾಗಿತ್ತು?

ಬೇಕಾದದ್ದು ಲೀಲಾ ಸಿಕ್ಕ ಮೇಲೆ. ಕನ್ನಡದವರ ಒಂದು ಸಮಾರಂಭದಲ್ಲಿ, ಊಟದ ಸಾಲಿನಲ್ಲಿ, ಅವಳು ನನ್ನ ಮುಂದೆ ನಿಂತಿದ್ದಳು. ಕನ್ನಡದವರೇ ಸೇರಿದ ಕಡೆ ನಾನು ಅವಳನ್ನು ಹಿಂದಿಯಲ್ಲಿ ಮಾತಾಡಿಸಿದೆ, ಅವಳು ತೆಲುಗಿನಲ್ಲಿ ಉತ್ತರ ಕೊಟ್ಟಳು. ಹೈದರಾಬಾದಿನಲ್ಲಿ ಮನೆಯ ಹೊಸ್ತಿಲು ದಾಟಿದರೆ ನಾಲಿಗೆ ತಾನಾಗಿ ಹಾಗೆ ಹೊರಳುತ್ತದೆ. ಹತ್ತು ನಿಮಿಷ ಇಬ್ಬರೂ ಹೀಗೆ ಬೆವರಿದ ಮೇಲೆ ಬಿಸಿ ಸಾರು ಕೈಮೇಲೆ ಚೆಲ್ಲಿ ಒಬ್ಬರ ಬಾಯಿಂದ "ಅಯ್ಯ ಶಿವನ!" ಎಂದು ಬಂತು. ಅದು ಅವಳ ಬಾಯಿ ಎಂದು ನಾನು, ನನ್ನ ಬಾಯಿ ಎಂದು ಅವಳು. ಸುಟ್ಟ ಕಲೆಯಾದರೂ ಉಳಿದಿದ್ದರೆ ಇತ್ಯರ್ಥವಾಗುತ್ತಿತ್ತು. ಇರಲಿ. ಅವಳು ಲಿಂಗಂಪಲ್ಲಿಯ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು, ನಲವತ್ತೊಂದು ವರ್ಷ, ಮದುವೆಯಾಗಿರಲಿಲ್ಲ. ನನಗೆ ನಲವತ್ತನಾಲ್ಕು, ನನಗೂ ಆಗಿರಲಿಲ್ಲ. ಯಾಕೆ ಎಂದು ಕೇಳಿದರೆ ಹೇಳಿಕೊಳ್ಳುವಂಥ ಕಾರಣವೇನಿಲ್ಲ. ಒಂದು ದಿನ ತಡವಾಯಿತು, ಮರುದಿನವೂ ತಡವಾಯಿತು, ಹಾಗೆಯೇ ಹದಿನಾರನೆಯ ನಿಮಿಷ ದಾಟಿಹೋಯಿತು. ಆರು ತಿಂಗಳಾದ ಮೇಲೆ ನಾವಿಬ್ಬರೂ ಮದುವೆಯಾಗುವುದೆಂದು ಒಪ್ಪಿಕೊಂಡೆವು.

ಒಪ್ಪಬೇಕಾದವರು ಇನ್ನೊಬ್ಬರಿದ್ದರು. ತಾಯಿಯಿಲ್ಲದ ಲೀಲಾಳನ್ನು ಮೂರು ವರ್ಷದವಳಿಂದ ಸಾಕಿದ ದೊಡ್ಡವ್ವ, ಅಂದರೆ ಅವಳ ತಾಯಿಯ ಅಕ್ಕ. ಅವರಿಗೆ ನನ್ನ ಸಂಬಳದ ಬಗ್ಗೆ ತಕರಾರಿರಲಿಲ್ಲ, ನನ್ನ ಬೋಳು ನೆತ್ತಿಯ ಬಗ್ಗೆಯೂ ಇರಲಿಲ್ಲ. ಜಾತಕ ಮಾತ್ರ ಕೂಡಬೇಕು. "ನಂದು ನೋಡದ ಮಾಡಿದ್ರು ತಮ್ಮಾ," ಎಂದರು. "ಎಂಟು ತಿಂಗಳು ಬಾಳೇವು ಮಾಡಿದ್ನಿ." ಗಂಡನ ಜೊತೆ ಬದುಕಿದ್ದು ಅಷ್ಟೇ. ಜಾತಕದಲ್ಲಿ ಲೀಲಾಳಿಗೆ ಕಾಸಿನ ನಂಬಿಕೆ ಇಲ್ಲ, ಆದರೆ ದೊಡ್ಡವ್ವ ಹೆದರಿಕೊಂಡು ಅಕ್ಷತೆ ಹಾಕುವ ಮದುವೆ ತನಗೆ ಬೇಡ ಎಂದು ನನಗೆ ಸ್ಪಷ್ಟವಾಗಿ ಹೇಳಿದ್ದಳು. ಜಾತಕ ಕೂಡದಿದ್ದರೆ ಮದುವೆಯಿಲ್ಲ.

ಆಗಲೇ ನನಗೆ ಗೊತ್ತಾದದ್ದು, ಆಕಾಶದ ತುಂಬ ಇರುವುದು ದನಕರು, ನಾಯಿ, ಬೆಕ್ಕು ಎಂದು. ಮದುವೆಗೆ ನೋಡುವ ಕೂಟಗಳಲ್ಲಿ ಒಂದಿದೆ. ಅದರ ಹೆಸರನ್ನು ಹಿರಿಯರ ಮುಂದೆ ಹೇಳಲು ನನಗೆ ಸಂಕೋಚ, ಪ್ರಾಣಿಕೂಟ ಎಂದಿಟ್ಟುಕೊಳ್ಳೋಣ. ಅದರಲ್ಲಿ ಒಂದೊಂದು ನಕ್ಷತ್ರಕ್ಕೆ ಒಂದೊಂದು ಪ್ರಾಣಿ. ಅಶ್ವಿನಿಗೆ ಕುದುರೆ, ಅದು ಸರಿ, ಹೆಸರಿನಲ್ಲೇ ಇದೆ. ಮೃಗಶಿರ ಎಂದರೆ ಜಿಂಕೆಯ ತಲೆ, ಅದಕ್ಕೆ ಕೊಟ್ಟಿರುವುದು ಹಾವು. ಜಿಂಕೆಯನ್ನು ಒಯ್ದು ಅನೂರಾಧಕ್ಕೆ ಕೊಟ್ಟಿದ್ದಾರೆ. ಹಂಚಿದ ದಿನ ಯಾರೋ ಹಾಜರಿ ಪುಸ್ತಕ ಅದಲುಬದಲು ಮಾಡಿರಬೇಕು. ಲೀಲಾಳದು ಭರಣಿ, ಭರಣಿಗೆ ಆನೆ. ಲೀಲಾ ತೂಗುವುದು ನಲವತ್ತೆಂಟು ಕಿಲೊ. ಆನೆಗೆ ಎಷ್ಟೋ ಪ್ರಾಣಿಗಳ ಜೊತೆ ಹೊಂದಾಣಿಕೆಯಾಗುತ್ತದೆ, ಸಿಂಹದ ಜೊತೆ ಮಾತ್ರ ಆಗುವುದೇ ಇಲ್ಲ.

ಮೊದಲ ಭಾನುವಾರ ಅವ್ವನನ್ನು ಕರೆದುಕೊಂಡು ಹೊರಟೆ. ಮೆಟ್ರೊ ಹತ್ತಿ, ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಿ, ಮಿಯಾಪುರದಲ್ಲಿ ಇಳಿದು, ಅಲ್ಲಿಂದ ಆಟೊದಲ್ಲಿ ಲಿಂಗಂಪಲ್ಲಿಯ ಅವರ ಮನೆ. ದೊಡ್ಡವ್ವ ಕರೆಸಿದ್ದ ಜೋಯಿಸರು ನಮಗಿಂತ ಮೊದಲೇ ಬಂದು ಕೂತಿದ್ದರು. ನಮ್ಮ ಕಡೆಯವರೇ. ಪಂಚಾಂಗ ತಂದಿರಲಿಲ್ಲ, ಮೊಬೈಲು ತಂದಿದ್ದರು. ಅವ್ವ ಶಿವರಾತ್ರಿ ಅಮಾಸಿ ಎಂದಳು, ಕೋಳಿ ಗೂಡು ಸೇರೋ ಹೊತ್ತು ಎಂದಳು. ಜೋಯಿಸರು ಆ ವರ್ಷದ ತಾರೀಖು ಹುಡುಕಿ ಸಂಜೆ ಆರೂಕಾಲು ಎಂದು ಒತ್ತಿದರು. ಮೊಬೈಲು ಸ್ವಲ್ಪ ಹೊತ್ತು ಗಿರಗಿರ ತಿರುಗಿತು.

"ಶತಭಿಷ," ಎಂದರು ಜೋಯಿಸರು. "ಕುದುರಿ ರೀ. ಆನಿಗೂ ಕುದುರಿಗೂ ಏನೂ ತಕರಾರಿಲ್ಲ. ಭೇಷ್ ಕೂಡತೈತಿ."

ದೊಡ್ಡವ್ವ ಕಣ್ಣು ಮುಚ್ಚಿ ಕೈಮುಗಿದರು. ಅವ್ವ ಎಲೆ ಅಡಿಕೆಯ ಚೀಲ ಬಿಚ್ಚಿದಳು. ನಾನು ಕುದುರೆಯ ಹಾಗೆ ನೆಟ್ಟಗೆ ಕೂತೆ. ಎಲ್ಲವೂ ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಲೀಲಾಳೊಳಗೆ ಒಬ್ಬ ಟೀಚರು ಇದ್ದಾಳೆ, ಅವಳಿಗೆ ಭಾನುವಾರ ರಜೆ ಇರುವುದಿಲ್ಲ.

"ಶಿವರಾತ್ರಿ ಅಮಾಸಿ? ಆ ವರ್ಷದ್ದು?" ಎಂದಳು ಮುಖ ಅರಳಿಸಿ. "ಅಯ್ಯ, ಅದು ಗ್ರಹಣದ ದಿನ ಅಲ್ಲೇನ್ರಿ! ನಮ್ಮ ಹುಡುಗರಿಗೆ ಪ್ರತಿ ವರ್ಷ ಹೇಳತೀನಲ್ಲ. ರಾಯಚೂರು ಕಡೆ ಸೂರ್ಯ ಪೂರಾ ಮುಚ್ಚಿ ಹಾಡಹಗಲ ಕತ್ತಲಿ. ಹಕ್ಕಿ ಗಿಡಕ್ಕ ಹೋದ್ವು, ದನ ಹಟ್ಟಿಗಿ ಬಂದ್ವು, ಕೋಳಿ…"

ಕೋಳಿಯ ಮೇಲೆ ಬಂದು ಅವಳ ಮಾತು ನಿಂತಿತು. ಅವ್ವನ ಅಡಕೊತ್ತು ಅಡಿಕೆಯ ಮಧ್ಯದಲ್ಲಿ ನಿಂತಿತು. ಜೋಯಿಸರು ಕನ್ನಡಕ ಏರಿಸಿದರು.

"ಹಂಗಂದ್ರ ಅವತ್ತು ಕೋಳಿ ಎರಡು ಸಲ ಗೂಡು ಸೇರ್ಯಾವ," ಎಂದರು.

ಕಾರ್ಖಾನೆಯಲ್ಲಿ ಇದಕ್ಕೆ ಡಬಲ್ ಪಂಚಿಂಗ್ ಎನ್ನುತ್ತೇವೆ. ಒಂದೇ ದಿನ ಎರಡು ಸಲ ಔಟ್ ಒತ್ತಿದವನಿಗೆ ನಾನು ಮರುದಿನವೇ ನೋಟಿಸು ಕೊಡುತ್ತೇನೆ. ಆ ಕೋಳಿಗಳಿಗೆ ಯಾರು ನೋಟಿಸು ಕೊಡಬೇಕು? ಮಧ್ಯಾಹ್ನ ಗ್ರಹಣದ ಕತ್ತಲಿಗೆ ಮೋಸಹೋಗಿ ಒಮ್ಮೆ ಒಳಗೆ ಹೋದವು. ಬೆಳಕು ಬಂದ ಮೇಲೆ ನಾಚಿಕೆಯಿಲ್ಲದೆ ಹೊರಗೆ ಬಂದು ಸಂಜೆ ಮತ್ತೆ ಹೋದವು. ಜೋಯಿಸರು ಮೊಬೈಲಿನಲ್ಲಿ ಮಧ್ಯಾಹ್ನದ ಹೊತ್ತು ಒತ್ತಿ ನೋಡಿದರು. ನಕ್ಷತ್ರ ಬದಲಾದದ್ದು ಸಂಜೆ ಐದರ ಸುಮಾರಿಗೆ. ಅದಕ್ಕಿಂತ ಮೊದಲಾದರೆ ಧನಿಷ್ಠ.

"ಧನಿಷ್ಠಕ್ಕ ಯಾವ ಪ್ರಾಣಿ ರೀ?" ಎಂದು ನಾನೇ ಕೇಳಿದೆ. ಕೇಳಬಾರದಾಗಿತ್ತು.

"ಸಿಂಹ."

ದೊಡ್ಡವ್ವ ಮುಗಿದ ಕೈ ಬಿಡಿಸಿದರು. "ಸಿಂಹ ಆದ್ರ ಬ್ಯಾಡ," ಎಂದರು. ಸಿಟ್ಟಿನಿಂದಲ್ಲ, ಮೆಲ್ಲಗೆ. ಆಮೇಲೆ ಒಂದು ವಾರದ ಗಡುವು ಕೊಟ್ಟರು. ಯಾವ ಸಲ ಕೋಳಿ ಗೂಡು ಸೇರಿದಾಗ ಹುಟ್ಟಿದೆನೆಂದು ನಾವು ತಿಳಿದುಕೊಂಡು ಬರಬೇಕು.

ಆ ವಾರ ನಾನು ಪಟ್ಟ ಪಾಡು ವಿಚಿತ್ರವಾದದ್ದು. ಗಂಡಸಾದವನು ತಾನು ಸಿಂಹ ಎಂದು ತೋರಿಸಿಕೊಳ್ಳಲು ಜೀವಮಾನವೆಲ್ಲ ಒದ್ದಾಡುತ್ತಾನಂತೆ. ನಾನು ಸಿಂಹ ಅಲ್ಲ ಎಂದು ಸಾಬೀತು ಮಾಡಬೇಕಾಗಿತ್ತು. ಸ್ವಭಾವ ನೋಡಿ ತೀರ್ಪು ಕೊಡುವುದಾದರೆ ನಾಚಾರಂನಿಂದ ಲಾರಿಗಟ್ಟಲೆ ಸಾಕ್ಷಿಗಳು ಬರುತ್ತಿದ್ದರು. ನಾನು ಫೋನಿನಲ್ಲಿ ಮಾತಾಡಿದ್ದನ್ನು ಕೇಳಿಸಿಕೊಂಡ ಮಷೀನು ವಿಭಾಗದ ನರ್ಸಿಮ್ಲು ಕಿಟಕಿಯಲ್ಲಿ ತಲೆ ತೂರಿಸಿ, "ಸಾರ್, ಮೀರು ಗುರ್ರಮಾ, ಸಿಂಹಮಾ?" ಎಂದು ಕೇಳಿದ. ಕುದುರೆಯೋ ಸಿಂಹವೋ ಎಂದು. ಇನ್ನೂ ಗೊತ್ತಾಗಿಲ್ಲ ಎಂದೆ. ಅವನು ಬಹಳ ಹೊತ್ತು ನನ್ನನ್ನು ನೋಡಿ, ನಗುವನ್ನು ಒಳಗೇ ಇಟ್ಟುಕೊಂಡು ಹೋದ.

ಅವ್ವನನ್ನು ವಿಚಾರಿಸಿದೆ. ಗ್ರಹಣದ ಮಾತನ್ನು ಇಷ್ಟು ವರ್ಷ ಯಾಕೆ ಮುಚ್ಚಿಟ್ಟೆ ಎಂದರೆ, "ಗ್ರಹಣದ ಕೂಸು ಅಂತ ಊರ ಮಂದಿ ನಿನಗ ಹೆಸರಿಡಬಾರದಂತ ಬಾಯಿ ಮುಚಗೊಂಡೆಪ್ಪಾ. ಮುಚಗೊಂಡು ಮುಚಗೊಂಡು ನನಗೂ ಮರತು ಹೋತು," ಎಂದಳು. ಹುಟ್ಟಿದ್ದು ಯಾವಾಗ ಎಂದರೆ ಸೋಮವಾರ ಒಂದು ಹೇಳಿದಳು, ಬುಧವಾರ ಒಂದು ಹೇಳಿದಳು. ಸೋಮವಾರದ ಪ್ರಕಾರ ನಾನು ಅತ್ತಾಗ ಹುಂಜ ಕೂಗಿತ್ತು. ಗ್ರಹಣ ಬಿಟ್ಟಾಗ ಬೆಳಗಾಯಿತೆಂದು ಹುಂಜ ಕೂಗುತ್ತದೆ, ಹಾಗಾದರೆ ಸಿಂಹ. ಬುಧವಾರದ ಪ್ರಕಾರ ನಾನು ಅತ್ತಾಗ ಗೋಡೆಯ ಮಾಡದಲ್ಲಿ ದೀಪ ಉರಿಯುತ್ತಿತ್ತು, ಹಾಗಾದರೆ ಕುದುರೆ. ಗುರುವಾರ ದೀಪವೂ ಉರಿಯುತ್ತಿತ್ತು, ಹುಂಜವೂ ಕೂಗಿತು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ಕೇಳಿದಷ್ಟೂ ಅವಳ ನೆನಪು ದುಂಡಗಾಗುತ್ತಿತ್ತು, ನಿಜವಾದದ್ದು ಅಷ್ಟು ದುಂಡಗಿರುವುದನ್ನು ನಾನು ಕಂಡಿಲ್ಲ.

ಊಟದ ಬಿಡುವಿನಲ್ಲಿ ಲೀಲಾ ಫೋನು ಮಾಡುತ್ತಿದ್ದಳು. ತಾನು ಬಾಯಿ ಬಿಟ್ಟದ್ದಕ್ಕೆ ಅವಳಿಗೆ ಬಹಳ ಬೇಸರವಾಗಿತ್ತು, ಅದನ್ನು ಮರೆಯಲು ಮತ್ತಷ್ಟು ವಿಜ್ಞಾನ ಹೇಳುತ್ತಿದ್ದಳು.

"ಸಗಣಿ ಹುಳ ಇರತಾವಲ್ರಿ, ಅವಕ್ಕ ಆಕಾಶಗಂಗಿ ಕಂಡ್ರ ಸಾಕು, ಉಂಡಿ ಉಳ್ಳಿಸಿಕೋತ ನೆಟ್ಟಗ ಹೋಗತಾವ. ದಾರಿ ತಪ್ಪಂಗಿಲ್ಲ."

"ಮಿಯಾಪುರದಾಗ ಆಕಾಶಗಂಗಿ ಎಲ್ಲಿ ಕಾಣತೈತ್ರಿ? ಬರೀ ಅಪಾರ್ಟ್‌ಮೆಂಟಿನ ಲೈಟು."

"ಅದಕ್ಕ ಅಲ್ಲಿ ಮೆಟ್ರೊ ಹಾಕ್ಯಾರ," ಎಂದಳು. ನಕ್ಕಳು. ನಗು ನಿಂತ ಮೇಲೆ, "ಕೂಡಲಿಲ್ಲ ಅಂದ್ರ ನಾ ದೊಡ್ಡವ್ವನ ಮ್ಯಾಲ ಸಿಟ್ಟಾಗಂಗಿಲ್ರಿ. ನೀವೂ ಆಗಬ್ಯಾಡ್ರಿ," ಎಂದಳು. ಆ ಮಾತು ಕೇಳಿ ಊಟದ ಡಬ್ಬಿ ಮುಚ್ಚಿಟ್ಟೆ. ಸಗಣಿ ಹುಳುವಿಗೆ ಕೂಡ ಆಕಾಶದಿಂದ ಒಂದು ಉಪಕಾರ ಆಗಿದೆ, ನನಗೆ ಮಾತ್ರ ಹೀಗೇಕೆ ಎನ್ನಿಸಿತು.

ಎರಡನೆಯ ಭಾನುವಾರ. ಚಹಾ ಇತ್ತೋ ಪಾನಕ ಇತ್ತೋ, ಆ ಭಾನುವಾರ. ಅದೇ ಜೋಯಿಸರು, ಅದೇ ಚಾಪೆ. ಅವ್ವ ಮಾತ್ರ ರೇಷ್ಮೆ ಸೀರೆ ಉಟ್ಟಿದ್ದಳು, ಕೋರ್ಟಿಗೆ ಹೊರಟವಳ ಹಾಗೆ. ದೊಡ್ಡವ್ವ ನೇರವಾಗಿ ಅವಳನ್ನೇ ವಿಚಾರಣೆಗೆ ತೆಗೆದುಕೊಂಡರು.

"ತಂಗೀ, ಮೊದಲ ಒಂದು ಮಾತು ಹೇಳು. ನಮ್ಮಂಗ ನೀವೂ ತತ್ತಿ ಸೈತ ಮುಟ್ಟಂಗಿಲ್ಲ ಅಂದಿದ್ದಿ. ನಿಮ್ಮನ್ಯಾಗ ಕೋಳಿ ಯಾಕ ಇದ್ವು?"

ಸಿಂಹವನ್ನು ಹೇಗೋ ಸಂಭಾಳಿಸಬಹುದಿತ್ತು, ಸಸ್ಯಾಹಾರಿಗಳ ಮನೆಯಲ್ಲಿ ಕೋಳಿ ಎಂದರೆ ಮಾತೇ ಬೇರೆ.

"ಅಯ್ಯ, ನಮ್ಮವಲ್ಲ ಅಕ್ಕಾರ!" ಎಂದಳು ಅವ್ವ ಗಾಬರಿಯಾಗಿ. "ಕೋಳಿ ಹುಸೇನಬೀವು. ಓಣಿ ಆ ತುದಿಗೆ ಆಕಿ ಮನಿ. ಹೆರಿಗಿ ಮಾಡಸಾಕ ಊರಿಗೆಲ್ಲ ಆಕೀನ ಬರತಿದ್ಲು."

"ಓಣಿ ಆ ತುದಿಗೆ. ಮತ್ತ ನೀನು ಕಂಡಿದ್ದು ಹ್ಯಾಂಗ? ಗ್ರಹಣದಾಗ ಬಸುರಿ ಹೆಂಗಸನ್ನ ಹೊರಗ ಬಿಟ್ಟಿದ್ರೇನು?"

"ಎಲ್ಲಿ ಬಿಡತಾರ್ರಿ? ಮುಂಜಾನಿಂದ ಒಳಖೋಲ್ಯಾಗ ಹಾಕಿ ಕದ ಮುಚ್ಚಿದ್ರು. ಕಿಂಡಿಗೆ ಅರಿವಿ ತುರುಕಿದ್ರು. ಕಗ್ಗತ್ತಲಿ. ನನಗ ಹಗಲ್ಯಾವ್ದು ಸಂಜಿ ಯಾವ್ದು ಗೊತ್ತಾಗಿಲ್ಲ."

"ಅಂದ್ರ ಕೋಳಿ ನೀನು ನೋಡಿಲ್ಲ."

"ಇಲ್ರಿ." ಅವ್ವನ ಮುಖದಲ್ಲಿ ಆಶ್ಚರ್ಯ ಕಂಡಿತು. ಅವಳಿಗೂ ಅದು ಆಗಷ್ಟೇ ಗೊತ್ತಾದ ಹಾಗಿತ್ತು. "ಹುಸೇನಬೀ ಕದ ತಗದು ಬಂದಾಗ ಅಂದ್ಲು: 'ಮುರ್ಗ್ಯಾಂ ಅಂದರ್ ಡಾಲ್ಕೆ ಆಯೀ ಮೈ.' ಕೋಳಿ ಒಳಗ ಹಾಕಿ ಬಂದೆ ಅಂತ. ಅಷ್ಟ ನನಗ ಗೊತ್ತು. ಅದಾದ ಮ್ಯಾಲ ಇಂವ ಹುಟ್ಟಿದ."

ಹಾಕಿ ಬಂದೆ! ಕೋಳಿಗಳು ತಾವಾಗಿ ಹೋಗಿರಲೇ ಇಲ್ಲ. ಆಕೆ ಹಿಡಿದು ಹಾಕಿದ್ದಳು. ಗ್ರಹಣಕ್ಕೆ ಮೊದಲು ಹಾಕಿದಳೋ, ಗ್ರಹಣದಲ್ಲೋ, ಸಂಜೆಯೋ. ಹುಸೇನಬೀ ತೀರಿಕೊಂಡು ಎಷ್ಟೋ ಕಾಲವಾಗಿದೆ. ನಲವತ್ತು ವರ್ಷ ನಾನು ನಂಬಿದ್ದ ಗಡಿಯಾರ ನಮ್ಮ ಮನೆಯದಾಗಿರಲಿಲ್ಲ, ತಾನಾಗಿ ನಡೆದೂ ಇರಲಿಲ್ಲ. ಜೋಯಿಸರು ಮೊಬೈಲನ್ನು ಚಾಪೆಯ ಮೇಲೆ ಬೋರಲಾಗಿ ಇಟ್ಟರು.

"ಹೊತ್ತು ಗೊತ್ತಿಲ್ಲ ಅಂದ್ರ ಹೆಸರಿನ ಮೊದಲ ಅಕ್ಷರದ ಮ್ಯಾಲ ನಕ್ಷತ್ರ ಹಿಡಿಯೋ ಪದ್ಧತಿ ಐತ್ರಿ," ಎಂದರು. "ಸಿದ್ದಲಿಂಗ. ಸಿ ಅಂದ್ರ ಶತಭಿಷ. ಕುದುರಿ."

ನಾನು ಉಸಿರು ಬಿಡುವಷ್ಟರಲ್ಲಿ ಅವ್ವ ಹೇಳಿಬಿಟ್ಟಳು: "ಸಿದ್ದಲಿಂಗ ಅಂತ ಸಾಲ್ಯಾಗ ಮಾಸ್ತರು ಬರಕೊಂಡಿದ್ರು ರೀ. ಮನ್ಯಾಗ ಗುಂಡ್ಯಾನ. ನಮ್ಮ ಮಾವನ ಹೆಸರು ಗುಂಡಪ್ಪ."

"ಗು ಅಂದ್ರ ಧನಿಷ್ಠ," ಎಂದರು ಜೋಯಿಸರು, ಸೋತ ದನಿಯಲ್ಲಿ. ಅವರಿಗೂ ಸಾಕಾಗಿತ್ತು. ಸಿಂಹ ಬಂದು ಚಾಪೆಯ ಮೇಲೆ ನಮ್ಮ ಜೊತೆ ಕೂತಿತು. ಲೀಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು. ದೊಡ್ಡವ್ವ ಅವಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವ್ವನ ಕಡೆಗೆ ತಿರುಗಿದರು.

"ಮಾಸ್ತರ ಹೆಸರು ಬ್ಯಾಡ, ಮುದ್ದಿನ ಹೆಸರೂ ಬ್ಯಾಡ. ತೊಟ್ಟಿಲಿಗೆ ಹಾಕಿದಾಗ ಕಿವ್ಯಾಗ ಏನಂತ ಹೇಳಿದ್ರಿ?"

"ಅದು ನಮ್ಮ ನಾದಿನಿ ಹೇಳಿದ್ಲು ರೀ. ಸಿದ್ದಲಿಂಗ ಅಂತ ಇಡೋಣು ಅಂತ ನಮ್ಮವರು, ಗುಂಡಪ್ಪ ಅಂತ ಇಡೋಣು ಅಂತ ಅತ್ತಿ. ನೀವ ಜಗಳಾಡ್ರಿ, ನಾ ಹೇಳೋದು ಹೇಳತೀನಿ ಅಂತ ನಾದಿನಿ 'ಕುರ್ರ್' ಅಂದು ಕಿವ್ಯಾಗ ಹೆಸರು ಉಸುರಿದ್ಲು. ನಾವೆಲ್ಲ ಪದ್ಧತಿ ಪ್ರಕಾರ ಆಕಿ ಬೆನ್ನಿಗೆ ಗುದ್ದಿದ್ವಿ. ಆ ಗದ್ದಲದಾಗ ಯಾರಿಗೆ ಕೇಳಸತೈತ್ರಿ? ಆಕಿನೂ ಈಗಿಲ್ಲ."

"ಯಾರಿಗೂ ಕೇಳಿಸಿಲ್ಲ?"

"ಇವಗಷ್ಟ ಕೇಳಿಸಿರಬೇಕು ನೋಡ್ರಿ," ಎಂದಳು ಅವ್ವ, ನನ್ನ ಕಡೆ ಕೈ ಮಾಡಿ.

ದೊಡ್ಡವ್ವ ನನ್ನ ಕಡೆ ತಿರುಗಿದರು. ಇಲ್ಲಿಯೇ ಅವರು ಬಸಿ ಕೆಳಗಿಟ್ಟರೆಂದು ನನ್ನ ನೆನಪು. ಮುಖದಲ್ಲಿ ನಗು ಇರಲಿಲ್ಲ. ಹಾಗೆಂದು ನಗು ಇರಲೇ ಇಲ್ಲ ಎಂದು ಪ್ರಮಾಣ ಮಾಡಲಾರೆ.

"ಹೇಳು ತಮ್ಮಾ. ನಿನ್ನ ಕಿವ್ಯಾಗ ಏನಂತ ಹೇಳಿದ್ಲು?"

ಇಪ್ಪತ್ತು ವರ್ಷ ಗಡಿಯಾರದ ಕೆಳಗೆ ಕೂತು, ಯಾರ ಬಾಯಿಮಾತನ್ನೂ ನಂಬದೆ, ಹದಿನಾರನೆಯ ನಿಮಿಷಕ್ಕೆ ಅರ್ಧ ದಿನ ಕತ್ತರಿಸಿದವನು ನಾನು. ಹನ್ನೆರಡು ದಿನದ ಕೂಸಾಗಿದ್ದಾಗ ಕೇಳಿದ ಮಾತಿಗೆ ನಾನೇ ಸಾಕ್ಷಿ ಹೇಳಬೇಕಾಗಿತ್ತು. ಬಾಗಿಲಲ್ಲಿ ಲೀಲಾ ತಲೆಯೆತ್ತಿದಳು.

"ಸಿದ್ದಲಿಂಗ ಅಂದಿದ್ಲು ರೀ," ಎಂದೆ. "ಛಲೋ ನೆನಪೈತಿ."

"ಸಾಕು," ಎಂದರು ದೊಡ್ಡವ್ವ. "ಬರಕೋರಿ ಜೋಯಿಸರ. ಕುದುರಿ."

ಜೋಯಿಸರು ಮೊಬೈಲು ಬಿಟ್ಟು ಪೆನ್ನು ತೆಗೆದರು. ಅವ್ವ ಅರ್ಧಕ್ಕೆ ನಿಂತಿದ್ದ ಅಡಿಕೆಯನ್ನು ಕತ್ತರಿಸಿದಳು. ಅದು ಹಿಂದಿನ ವಾರದ ಅಡಿಕೆ, ಈ ವಾರ ಹೇಗೆ ಬಂತು ಎಂದು ನೀವು ಕೇಳಿದರೆ ಅದನ್ನೂ ಕಡಿತ ಮಾಡಿಕೊಳ್ಳಿ. ಮರಳಿ ಬರುವಾಗ ಮಿಯಾಪುರದಲ್ಲಿ ಮೆಟ್ರೊ ಖಾಲಿಯಿತ್ತು. ಸೀಟಿಗೆ ಒರಗಿ ನಾನು ಬಿಟ್ಟ ಉಸಿರಿಗೆ ಎದುರು ಕೂತವರು ಮೊಬೈಲಿನಿಂದ ತಲೆಯೆತ್ತಿದರು. ಒಂದು ವಾರದಿಂದ ಎದೆಯ ಮೇಲೆ ಕೂತಿದ್ದದ್ದು ಆನೆಯೋ ಸಿಂಹವೋ, ಅದು ಎದ್ದುಹೋಗಿತ್ತು. ಅವ್ವ ಕಿಟಕಿಯಾಚೆ ನೋಡುತ್ತ, "ಗುಂಡ್ಯಾ, ಖರೇನ ನೆನಪೈತೇನು?" ಎಂದಳು. ನಾನು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದೆ.

ಮದುವೆಯಾಗಿ ಎರಡನೆಯ ವರ್ಷ ನಡೆದಿದೆ. ದೊಡ್ಡವ್ವ, ಅವ್ವ ಇಬ್ಬರೂ ನಮ್ಮ ಜೊತೆಗೇ ಇದ್ದಾರೆ, ಒಂದೇ ಎಲೆ ಅಡಿಕೆ ಚೀಲಕ್ಕೆ ದಿನಾ ಜಗಳಾಡುತ್ತಾರೆ. ಆನೆ ದಿನವೂ ಕುದುರೆಗೆ ತರಕಾರಿ ಚೀಟಿ ಬರೆದು ಕೊಡುತ್ತದೆ. ಕಾರ್ಖಾನೆಯಲ್ಲಿ ಈಗ ಯಾರಾದರೂ ತಡವಾಗಿ ಬಂದು, ಮಷೀನು ನನ್ನ ಬೆರಳು ಹಿಡಿಯಲಿಲ್ಲ ಸಾರ್, ನಾನು ಎಂಟಕ್ಕೇ ಬಂದಿದ್ದೆ ಎಂದರೆ, ಗಡಿಯಾರದ ಕಡೆ ಬೆರಳು ತೋರಿಸಲು ನನಗೆ ಕೈ ಏಳುವುದಿಲ್ಲ. "ಛಲೋ ನೆನಪಿದೆಯಾ?" ಎಂದು ಕೇಳುತ್ತೇನೆ. ನೆನಪಿದೆ ಎಂದರೆ ಎಂಟು ಎಂದು ಬರೆದುಕೊಳ್ಳುತ್ತೇನೆ. ನರ್ಸಿಮ್ಲುವಿಗೆ ಈಚೆಗೆ ಎಲ್ಲವೂ ಬಹಳ ಛಲೋ ನೆನಪಿರುತ್ತದೆ.

ಹೆದರಿಕೆಯಾಗುವುದು ಒಂದಕ್ಕೇ. ಈಗೀಗ ನನಗೆ ಸೋದರತ್ತೆಯ ಬಿಸಿ ಉಸಿರು ಬಲಗಿವಿಗೆ ತಾಗಿದಂತೆ, ಅವಳ ಬಳೆ ತೊಟ್ಟಿಲಿಗೆ ಬಡಿದಂತೆ, ಅವಳು ಸಿದ್ದಲಿಂಗ ಎಂದಂತೆ ನಿಜವಾಗಿಯೂ ನೆನಪಾಗುತ್ತದೆ. ಆ ನೆನಪಿನಲ್ಲಿ ಕೂಡ ಎಲ್ಲೋ ಒಂದು ಬಸಿ, ಅದರ ಮೇಲೆ ಕೆನೆ ಇದೆ. ಅವಳು ನಿಜವಾಗಿ ಏನು ಹೇಳಿದಳೋ ನನಗೆ ಗೊತ್ತಿಲ್ಲ.